ಊರಿನ ಸಹಾಯಕರನ್ನು ಮಗುವಿಗೆ ಪರಿಚಯಿಸಲು ಯಾವುದು ಒಳ್ಳೆಯದು: ಚಾರ್ಟೋ, ಮೊಬೈಲೋ, ಆಟವೋ, ಗೇಟಿನವರೆಗೆ ಬರುವ ಜನರೋ?

ಮೂರರಿಂದ ಐದು ವರ್ಷದ ಮಕ್ಕಳಿರುವ ಮನೆಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಪೊಲೀಸ್, ಡಾಕ್ಟರ್, ಪೋಸ್ಟ್‌ಮ್ಯಾನ್, ಬೆಂಕಿ ಆರಿಸುವವರು ಇವರೆಲ್ಲ ಯಾರು, ಯಾವಾಗ ಬೇಕಾಗುತ್ತಾರೆ ಅಂತ ಹೇಳಿಕೊಡುವುದು ಹೇಗೆ? ಅದರ ಬೆನ್ನಿಗೇ ಇನ್ನೊಂದು: ಅಪಾಯ ಎದುರಾದರೆ ಏನು ಮಾಡಬೇಕು ಅಂತ ಹೆದರಿಸದೆ ಕಲಿಸುವುದು ಹೇಗೆ? ಶಿವಮೊಗ್ಗದ ಗಾಂಧಿ ಬಜಾರಿನಲ್ಲೋ ದುರ್ಗಿಗುಡಿಯಲ್ಲೋ ಒಂದು ಸುತ್ತು ಹಾಕಿದರೆ ಚಾರ್ಟು, ಫ್ಲ್ಯಾಶ್ ಕಾರ್ಡು, ಡಾಕ್ಟರ್ ಸೆಟ್ಟು ಎಲ್ಲ ಸಿಗುತ್ತದೆ. ಮೊಬೈಲಿನಲ್ಲಿ ವಿಡಿಯೋಗಳಿಗಂತೂ ಲೆಕ್ಕವೇ ಇಲ್ಲ. ಯಾವುದಕ್ಕೆ ಸಮಯ ಕೊಡಬೇಕು, ಯಾವುದನ್ನು ಬಿಡಬೇಕು?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮಲೆನಾಡಿನ ಮನೆಗೆ ಪೇಟೆಯ ಚಾರ್ಟು ಅರ್ಧ ಮಾತ್ರ ಹೊಂದುತ್ತದೆ. ನಮ್ಮ ಮಕ್ಕಳಿಗೆ ಎದುರಾಗುವ ಅಪಾಯಗಳೂ ಬೇರೆ, ಸಹಾಯಕ್ಕೆ ಬರುವ ಜನರೂ ಬೇರೆ. ಹಾಗಾಗಿ ಏನನ್ನಾದರೂ ಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ನಿಮ್ಮ ಮನೆಯಿಂದ ಮಗು ಕೂಗಿದರೆ ಯಾರಿಗೆ ಕೇಳುತ್ತದೆ? ಅವರಿಂದಲೇ ಪಾಠ ಶುರುವಾಗಲಿ.

ಅಂಗಡಿಯ ಚಾರ್ಟು, ಮನೆಯ ಕಾರ್ಡು

ಚಾರ್ಟಿನಿಂದ ಲಾಭ ಇಲ್ಲ ಅಂತಲ್ಲ. ಮಗುವಿಗೆ ಹೆಸರುಗಳು ಬರುತ್ತವೆ. ಬೆಲೆ ಕಡಿಮೆ. ಜುಲೈ ತಿಂಗಳ ಮಳೆಯಲ್ಲಿ ಮನೆಯಿಂದ ಹೊರಗೆ ಕಾಲಿಡಲು ಆಗದ ದಿನ ಗೋಡೆಯ ಮುಂದೆ ಕೂತು ಅರ್ಧ ಗಂಟೆ ಮಾತಾಡಬಹುದು. ತೂಗು ಹಾಕುವಾಗ ಮಗುವಿನ ಕಣ್ಣಿನ ಎತ್ತರಕ್ಕೆ ಹಾಕಿ. ದೊಡ್ಡವರ ಎತ್ತರಕ್ಕೆ ಹಾಕಿದ ಚಾರ್ಟನ್ನು ಮಗು ನೋಡುವುದೇ ಇಲ್ಲ.

ಆದರೆ ಆ ಚಾರ್ಟಿನಲ್ಲಿ ಯಾರಿದ್ದಾರೆ ನೋಡಿ. ಪೈಲಟ್ ಇದ್ದಾನೆ, ಗಗನಯಾತ್ರಿ ಇದ್ದಾನೆ, ಎತ್ತರದ ಬಿಳಿ ಟೋಪಿಯ ಬಾಣಸಿಗ ಇದ್ದಾನೆ. ತಿಂಗಳು ತಿಂಗಳು ಮನೆಗೆ ಬಂದು ಮಗುವಿನ ಲಸಿಕೆ ನೆನಪಿಸುವ ಆಶಾ ಕಾರ್ಯಕರ್ತೆ ಇಲ್ಲ. ಅಂಗನವಾಡಿ ಟೀಚರ್ ಇಲ್ಲ. ಪಂಚಾಯ್ತಿ ನೀರು ಬಿಡುವ ನೀರುಗಂಟಿ ಇಲ್ಲ. ಗಾಳಿ ಮಳೆಯಲ್ಲಿ ಕಂಬ ಹತ್ತುವ ಲೈನ್‌ಮನ್ ಇಲ್ಲ. ಕಸದ ಗಾಡಿಯವರು ಇಲ್ಲ, ಫಾರೆಸ್ಟ್ ಗಾರ್ಡ್ ಇಲ್ಲ. ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡನಂತೂ ಯಾವ ಚಾರ್ಟಿನಲ್ಲೂ ಸಿಗುವುದಿಲ್ಲ. ನಮ್ಮ ಊರು ನಡೆಯುವುದೇ ಇವರಿಂದ ಅಲ್ವಾ?

ಇದಕ್ಕೆ ಮನೆಯಲ್ಲೇ ಕಾರ್ಡು ಮಾಡುವುದು ನನಗೆ ಹೆಚ್ಚು ಇಷ್ಟ. ಅವರವರ ಒಪ್ಪಿಗೆ ಕೇಳಿ ಒಂದೊಂದು ಫೋಟೋ ತೆಗೆಯಿರಿ. ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ ಹಳೆಯ ರಟ್ಟಿಗೆ ಅಂಟಿಸಿ. ಹಿಂದಿನ ಬದಿಯಲ್ಲಿ ಅವರ ಕೈಯಲ್ಲಿರುವ ವಸ್ತುವನ್ನು ಮಗುವೇ ಬರೆಯಲಿ. ಲೈನ್‌ಮನ್‌ಗೆ ಏಣಿ, ಪೋಸ್ಟಿನವರಿಗೆ ಚೀಲ, ಆಶಾ ಅಕ್ಕನಿಗೆ ಗುಲಾಬಿ ಸೀರೆ. ಚಿತ್ರ ಹೇಗೆ ಬಂದರೂ ತಿದ್ದಲು ಹೋಗಬೇಡಿ. ಈ ಕಾರ್ಡಿನಲ್ಲಿ ಇರುವವರನ್ನು ಮಗು ನಾಳೆ ದಾರಿಯಲ್ಲಿ ನೋಡುತ್ತದೆ, ಗುರುತು ಹಿಡಿಯುತ್ತದೆ, ಮಾತಾಡಿಸುತ್ತದೆ. ಅಂಗಡಿಯ ಕಾರ್ಡಿನಿಂದ ಇದು ಆಗುವುದಿಲ್ಲ.

ಕಥೆ ಪುಸ್ತಕ ಬೇಕು ಅನ್ನುವವರಿಗೆ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ. ಪ್ರಥಮ್ ಬುಕ್ಸ್‌ನವರು ಅದನ್ನು 2015ರಲ್ಲಿ ಶುರು ಮಾಡಿದ್ದು. ನೆಟ್‌ವರ್ಕ್ ಇರುವಾಗ ಇಳಿಸಿಟ್ಟುಕೊಂಡರೆ ಕರೆಂಟ್ ಇಲ್ಲದ ಸಂಜೆ ಉಪಯೋಗಕ್ಕೆ ಬರುತ್ತದೆ.

ಮೊಬೈಲ್ ವಿಡಿಯೋ

ಎರಡರಿಂದ ಐದು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಸ್ಕ್ರೀನ್ ಬೇಡ, ಅದೂ ದೊಡ್ಡವರು ಜೊತೆಗಿರಬೇಕು ಅಂತ ಭಾರತದ ಮಕ್ಕಳ ವೈದ್ಯರ ಸಂಘ 2021ರಲ್ಲೇ ಹೇಳಿದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದೂ ಹೆಚ್ಚು ಕಡಿಮೆ ಇದನ್ನೇ. ಆ ಒಂದು ಗಂಟೆಯಲ್ಲಿ ಐದು ನಿಮಿಷ ಈ ವಿಷಯಕ್ಕೆ ಸಾಕು.

ವಿಡಿಯೋದ ದೊಡ್ಡ ತೊಂದರೆ ಬೇರೆ ಇದೆ. ಅಲ್ಲಿ ಸಿಗುವ ಹಾಡುಗಳಲ್ಲಿ ಹಲವು ಅಮೆರಿಕದ್ದು. ಮಗು ರಾಗವಾಗಿ ‘ನೈನ್ ಒನ್ ಒನ್’ ಅಂತ ಕಲಿತುಬಿಡುತ್ತದೆ. ಅದು ಅಲ್ಲಿನ ತುರ್ತು ನಂಬರ್, ನಮ್ಮದು 112. ಒಮ್ಮೆ ರಾಗದ ಜೊತೆ ಬಾಯಿಪಾಠ ಆದದ್ದನ್ನು ಮರೆಸುವುದು ಕಷ್ಟ. ನೀವೇ ಮೊದಲು ನೋಡಿ, ಆಮೇಲೆ ತೋರಿಸಿ.

ಒಂದು ವಿಷಯಕ್ಕೆ ಮಾತ್ರ ವಿಡಿಯೋವೇ ಬೇಕು. ಅಗ್ನಿಶಾಮಕ ದಳದವರು ಹೊಗೆಯೊಳಗೆ ಹೋಗುವಾಗ ಹೇಗೆ ಕಾಣುತ್ತಾರೆ ಅನ್ನುವುದು. ಮುಖಕ್ಕೆ ಮಾಸ್ಕ್, ಬೆನ್ನಿಗೆ ಸಿಲಿಂಡರ್, ಉಸಿರಾಡುವ ಜೋರು ಶಬ್ದ. ನೋಡಿಲ್ಲದ ಮಗು ಅವರಿಗೇ ಹೆದರಿ ಮಂಚದ ಕೆಳಗೆ ಅಡಗಿಕೊಳ್ಳುತ್ತದೆ. ಬೆಂಕಿ ಬಿದ್ದಾಗ ಸಣ್ಣ ಮಕ್ಕಳು ಅಡಗಿಕೊಳ್ಳುವುದು ಎಲ್ಲ ಕಡೆ ಕಂಡಿರುವ ಸಂಗತಿ. ಹಾಗಾಗಿ ಮಾಸ್ಕ್ ಹಾಕಿಕೊಳ್ಳುವ ಮೊದಲು ಮತ್ತು ಹಾಕಿಕೊಂಡ ಮೇಲೆ ಎರಡನ್ನೂ ತೋರಿಸುವ ವಿಡಿಯೋ ಹುಡುಕಿ. ನಡುವೆ ನಿಲ್ಲಿಸಿ ಹೇಳಿ, ‘ಒಳಗಿರೋದು ಇದೇ ಮಾಮ. ನಿನ್ನನ್ನ ಹುಡುಕಿಕೊಂಡು ಬಂದಿದ್ದಾರೆ. ಅವರ ಹತ್ರ ಹೋಗಬೇಕು.’

ಆಟ

ಈ ವಯಸ್ಸಿಗೆ ಆಟದಿಂದ ಕಲಿತದ್ದು ಚೆನ್ನಾಗಿ ನಿಲ್ಲುತ್ತದೆ. ಮಗು ಕೇಳಿದ್ದನ್ನು ಮರೆಯುತ್ತದೆ, ನೋಡಿದ್ದನ್ನು ಅರ್ಧ ಮರೆಯುತ್ತದೆ, ಮೈಯಿಂದ ಮಾಡಿದ್ದನ್ನು ಇಟ್ಟುಕೊಳ್ಳುತ್ತದೆ.

ಅಂಗಡಿಯ ಡಾಕ್ಟರ್ ಸೆಟ್ಟು ಕೊಳ್ಳಬೇಕಾ? ಕೊಂಡರೆ ತಪ್ಪಿಲ್ಲ, ಕೊಳ್ಳದಿದ್ದರೆ ನಷ್ಟವೂ ಇಲ್ಲ. ನಾಲ್ಕು ಕುರ್ಚಿ ಸಾಲಾಗಿ ಇಟ್ಟರೆ ತೀರ್ಥಹಳ್ಳಿ ಬಸ್ಸು. ಹಳೆಯ ಟಿಕೆಟ್ಟು, ಒಂದು ಜೋಳಿಗೆ ಕೊಟ್ಟರೆ ಕಂಡಕ್ಟರ್ ತಯಾರು. ‘ಎಲ್ಲಿಗೆ? ಚಿಲ್ಲರೆ ಕೊಡಿ. ರೈಟ್ ರೈಟ್!’ ಈ ಆಟದೊಳಗೇ ಸುರಕ್ಷತೆ ತರಬಹುದು. ಬಸ್ಸು ನಿಲ್ಲುವ ಮೊದಲು ಯಾರೂ ಏಳಬಾರದು. ಇಳಿದ ಮೇಲೆ ಬಸ್ಸಿನ ಮುಂದಿನಿಂದ ದಾಟಬಾರದು, ಬಸ್ಸು ಹೋಗುವವರೆಗೆ ಕಾಯಬೇಕು. ಕಂಡಕ್ಟರ್ ಆದ ಮಗು ಈ ನಿಯಮವನ್ನು ನಿಮಗೇ ಜೋರು ಮಾಡಿ ಹೇಳುತ್ತದೆ. ತಾನೇ ಹೇಳಿದ ನಿಯಮವನ್ನು ಮಗು ಸುಲಭಕ್ಕೆ ಮುರಿಯುವುದಿಲ್ಲ.

ನಮ್ಮ ಕಡೆಗೆ ತೀರಾ ಬೇಕಾದ ಆಟ ತಂತಿಯದ್ದು. ಜೂನ್ ಜುಲೈ ಬಂತೆಂದರೆ ಮರ ಬಿದ್ದು ಲೈನ್ ಹರಿಯುವುದು ಮಾಮೂಲಿ. ತೋಟದ ದಾರಿಯಲ್ಲಿ ತಂತಿ ಬಿದ್ದಿರುತ್ತದೆ, ಕರೆಂಟ್ ಹೋಗಿದೆಯೋ ಇದೆಯೋ ನೋಡಿ ಹೇಳಲು ಆಗುವುದಿಲ್ಲ. ಅಂಗಳದಲ್ಲಿ ಬಟ್ಟೆ ಒಣಗಿಸುವ ಹಗ್ಗ ಬಿಚ್ಚಿ ನೆಲಕ್ಕೆ ಬಿಡಿ. ಮಗು ನಡೆದುಕೊಂಡು ಬರಲಿ. ಕಂಡ ಕೂಡಲೇ ನಿಲ್ಲಬೇಕು. ಮುಟ್ಟಬಾರದು, ದಾಟಬಾರದು, ಕೋಲಿನಿಂದ ಸರಿಸಲೂ ಬಾರದು. ಬಂದ ದಾರಿಯಲ್ಲೇ ವಾಪಸು ಹೋಗಿ ದೊಡ್ಡವರಿಗೆ ಹೇಳಬೇಕು. ದೊಡ್ಡವರಾದ ನೀವು ಆಟದ ಫೋನ್ ಎತ್ತಿ ಕರೆಂಟ್ ಕಂಪನಿ ಮೆಸ್ಕಾಂನ 1912ಕ್ಕೆ ಮಾತಾಡಿ. ಮಳೆಗಾಲದ ಮೊದಲು ಒಂದೆರಡು ವಾರ ಆಗಾಗ ಆಡಿಸಿ. ಒಮ್ಮೆ ಆಡಿಸಿ ಬಿಟ್ಟರೆ ಸಾಲದು.

ಬೆಂಕಿಯ ಆಟವೂ ಹೀಗೇ. ಬಟ್ಟೆಗೆ ಬೆಂಕಿ ತಗುಲಿದರೆ ಓಡಬಾರದು. ನಿಲ್ಲು, ಮಲಗು, ಉರುಳು. ಬಚ್ಚಲ ಒಲೆ ಉರಿಯುವ ಮನೆಗಳಲ್ಲಿ, ಅಡಿಕೆ ಬೇಯಿಸುವ ಹಂಡೆ ಇರುವ ಮನೆಗಳಲ್ಲಿ ಇದು ಖಂಡಿತ ಗೊತ್ತಿರಬೇಕು. ಹಂಡೆಯ ಸುತ್ತ ಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. ‘ದೂರ ಇರು’ ಅಂದರೆ ಮೂರು ವರ್ಷದ ಮಗುವಿಗೆ ಎಷ್ಟು ದೂರ ಅಂತ ತಿಳಿಯುವುದಿಲ್ಲ. ಗೆರೆ ತಿಳಿಯುತ್ತದೆ. ಸುಟ್ಟರೆ ತಣ್ಣೀರಿನ ಕೆಳಗೆ ಹಿಡಿಯಬೇಕು, ಟೂತ್‌ಪೇಸ್ಟ್ ಹಚ್ಚುವುದಲ್ಲ ಅನ್ನುವುದು ಮನೆಯ ದೊಡ್ಡವರಿಗೂ ಗೊತ್ತಿರಲಿ.

ಗೇಟಿನವರೆಗೆ ಬರುವ ಜನ

ಈ ನಾಲ್ಕರಲ್ಲಿ ಒಂದನ್ನೇ ಆರಿಸು ಅಂದರೆ ನಾನು ಆರಿಸುವುದು ಇದನ್ನು. ಖರ್ಚಿಲ್ಲ, ಆದರೆ ನಾವು ಎರಡು ನಿಮಿಷ ನಿಂತು ಮಾತಾಡಬೇಕು.

ಕಳೆದ ಮಳೆಗಾಲದಲ್ಲಿ ನಮ್ಮ ಮನೆ ಮುಂದಿನ ಕಂಬಕ್ಕೆ ಲೈನ್‌ಮನ್ ಬಂದಿದ್ದರು. ಕೆಲಸ ಮುಗಿಸಿ ಚಹಾ ಕುಡಿಯುವಾಗ ನನ್ನ ಮಗಳು ಅವರ ಪಕ್ಕದಲ್ಲಿದ್ದ ದಪ್ಪ ರಬ್ಬರ್ ಕೈಗವಸನ್ನೇ ನೋಡುತ್ತಿದ್ದಳು. ‘ಇದು ಎಂತಕ್ಕೆ ಮಾಮ?’ ಅಂದಳು. ಅವರು ಲೋಟ ಕೆಳಗಿಟ್ಟು ಒಂದು ಗವಸನ್ನು ಅವಳ ಕೈಗೆ ಹಾಕಿದರು. ಅದು ಮೊಣಕೈ ದಾಟಿ ಹೋಯಿತು. ‘ಇದಿಲ್ದೆ ನಾನೂ ತಂತಿ ಮುಟ್ಟುದಿಲ್ಲ ಪುಟ್ಟಿ. ಮೊದ್ಲು ಲೈನ್ ಆಫ್ ಮಾಡ್ಸ್ತೀನಿ, ಆಮೇಲೆ ಕಂಬ ಹತ್ತೂದು’ ಅಂದರು. ಅವತ್ತಿನಿಂದ ತಂತಿಯ ವಿಷಯ ಬಂದಾಗಲೆಲ್ಲ ಅವಳೇ ಹೇಳುತ್ತಾಳೆ, ‘ಲೈನ್‌ಮನ್ ಮಾಮನೇ ಮುಟ್ಟಲ್ಲ.’ ನಾವು ಎಷ್ಟು ಸಲ ‘ಮುಟ್ಟಬೇಡ’ ಅಂದಿದ್ದರೂ ಆ ತೂಕ ಬರುತ್ತಿರಲಿಲ್ಲ. ಆ ಕೆಲಸ ಗೊತ್ತಿರುವವರೇ ಹುಷಾರಾಗಿರುತ್ತಾರೆ ಅನ್ನುವುದು ಮಗುವಿಗೆ ಕಣ್ಣಾರೆ ಕಂಡಿತು.

ಆಶಾ ಅಕ್ಕ ಬಂದಾಗ ಅವರ ರಿಜಿಸ್ಟರ್ ತೋರಿಸಲು ಕೇಳಿ. ‘ನಿನ್ನ ಹೆಸರೂ ಇದರಲ್ಲಿದೆ’ ಅಂದರೆ ಮಗುವಿಗೆ ಆಗುವ ಖುಷಿಯೇ ಬೇರೆ. ಕೊನೆಗೌಡ ಮರ ಹತ್ತುವ ಮೊದಲು ಏನೇನು ನೋಡಿಕೊಳ್ಳುತ್ತಾರೆ, ಕೊನೆ ಇಳಿಸುವಾಗ ಕೆಳಗೆ ಯಾಕೆ ನಿಲ್ಲಬಾರದು ಅನ್ನುವುದನ್ನು ಅವರ ಬಾಯಿಂದಲೇ ಹೇಳಿಸಿ.

ಹೊರಗೆ ಕರೆದುಕೊಂಡು ಹೋಗುವುದಾದರೆ ಸಕ್ರೆಬೈಲು ಆನೆ ಬಿಡಾರ ಒಳ್ಳೆಯ ಜಾಗ. ಶಿವಮೊಗ್ಗದಿಂದ 14 ಕಿಲೋಮೀಟರ್. ಬೆಳಗ್ಗೆ ಹೋದರೆ ಗಾಜನೂರು ಡ್ಯಾಮಿನ ಹಿನ್ನೀರಿನಲ್ಲಿ ಮಾವುತರು, ಅವರ ಸಹಾಯಕರಾದ ಕಾವಾಡಿಗಳು ಆನೆಗೆ ಸ್ನಾನ ಮಾಡಿಸುವುದು ಕಾಣುತ್ತದೆ. ಮಗು ಅಲ್ಲಿ ಕಲಿಯುವುದು ಎರಡು. ಕಾಡಿನ ಇಲಾಖೆಯವರು ಪ್ರಾಣಿಗೂ ನಮಗೂ ಇಬ್ಬರಿಗೂ ಸಹಾಯ ಮಾಡುವವರು. ಮತ್ತೆ, ಮಾವುತ ಸರಿ ಅನ್ನುವವರೆಗೆ ಆನೆಯ ಹತ್ತಿರ ಹೋಗುವ ಹಾಗಿಲ್ಲ. ಅಗ್ನಿಶಾಮಕ ಠಾಣೆಗೂ ಮೊದಲೇ ಕೇಳಿಕೊಂಡು ಹೋಗಬಹುದು. ಹೋಗುವಾಗ ನಾಲ್ಕೈದು ಮಕ್ಕಳು ಒಟ್ಟಿಗೆ ಹೋದರೆ ಅವರಿಗೂ ವಿವರಿಸಲು ಅನುಕೂಲ. ಕರೆ ಬಂದರೆ ಅವರು ಅರ್ಧಕ್ಕೆ ಬಿಟ್ಟು ಓಡುತ್ತಾರೆ, ಅದನ್ನೂ ಮಕ್ಕಳಿಗೆ ಮೊದಲೇ ಹೇಳಿಡಿ.

ಹೆದರಿಸುವುದೋ, ಮಾಡಬೇಕಾದ್ದನ್ನು ಹೇಳುವುದೋ

ಇಲ್ಲಿ ನನಗೆ ಎರಡು ಮಾತಿಲ್ಲ. ‘ಊಟ ಮಾಡದಿದ್ದರೆ ಪೊಲೀಸಿಗೆ ಹಿಡ್ಕೊಡ್ತೀನಿ’, ‘ಗಲಾಟೆ ಮಾಡಿದರೆ ಡಾಕ್ಟರ್ ಹತ್ರ ಸೂಜಿ ಚುಚ್ಚಿಸ್ತೀನಿ’, ‘ಆ ಚೀಲದವನು ಬಂದು ಹೊತ್ಕೊಂಡು ಹೋಗ್ತಾನೆ’. ಎಲ್ಲ ಮನೆಯಲ್ಲೂ ಕೇಳುವ ಮಾತುಗಳು ಇವು. ಹೀಗೆ ಬೆಳೆದ ಮಗು ಜಾತ್ರೆಯಲ್ಲಿ ಕಳೆದುಹೋದರೆ ಪೊಲೀಸರನ್ನು ಕಂಡು ಓಡಿ ಹೋಗದೆ ಇನ್ನೇನು ಮಾಡೀತು? ಚಾರ್ಟಿನಲ್ಲಿ ‘ಪೊಲೀಸ್ ನಮ್ಮ ಸ್ನೇಹಿತ’ ಅಂತ ಕಲಿಸಿ, ರಾತ್ರಿ ಊಟದ ಹೊತ್ತಿಗೆ ಅದೇ ಪೊಲೀಸರ ಹೆಸರಲ್ಲಿ ಹೆದರಿಸಿದರೆ ಮಗು ನಂಬುವುದು ಹೆದರಿಕೆಯನ್ನು. ಅಜ್ಜ ಅಜ್ಜಿ ಈ ಮಾತು ಆಡುತ್ತಿದ್ದರೆ ಕೂತು ಸಮಾಧಾನವಾಗಿ ಹೇಳಿ. ಮೊಮ್ಮಗುವಿನ ಕ್ಷೇಮದ ವಿಷಯ ಅಂದರೆ ಅವರು ಕೇಳುತ್ತಾರೆ.

‘ಮುಟ್ಟಬೇಡ, ಹೋಗಬೇಡ’ ಅನ್ನುವುದಕ್ಕೂ ‘ಹೀಗೆ ಮಾಡು’ ಅನ್ನುವುದಕ್ಕೂ ಬಹಳ ವ್ಯತ್ಯಾಸ ಇದೆ. ಹಾವಿನ ವಿಷಯ ತೆಗೆದುಕೊಳ್ಳಿ. ನಮ್ಮದು ಕಾಳಿಂಗ ಸರ್ಪದ ಊರು. ಅದರ ಅಧ್ಯಯನ ನಡೆಸುವ ಮಳೆಕಾಡು ಸಂಶೋಧನಾ ಕೇಂದ್ರ ಆಗುಂಬೆಯಲ್ಲಿ 2005ರಿಂದ ಇದೆ. ದರಗಿನ, ಅಂದರೆ ಒಣಗಿದ ಎಲೆಗಳ ನಡುವೆ ಕೊಳಕುಮಂಡಲ ಮಲಗಿದ್ದರೆ ದೊಡ್ಡವರ ಕಣ್ಣಿಗೇ ಕಾಣುವುದಿಲ್ಲ. ಹಾವು ಅಂದರೆ ಭಯ ಹುಟ್ಟಿಸುವುದು ಸುಲಭ. ಭಯ ಬಿದ್ದ ಮಗು ಕಿರುಚುತ್ತಾ ಎತ್ತಲೋ ಓಡುತ್ತದೆ. ಅದರ ಬದಲು ಮೂರು ಕೆಲಸ ಹೇಳಿಕೊಡಿ. ನಿಲ್ಲು. ನಿಧಾನ ಹಿಂದೆ ಹೆಜ್ಜೆ ಇಡು. ಅಮ್ಮನನ್ನೋ ಅಪ್ಪನನ್ನೋ ಕೂಗು. ಚಪ್ಪಲಿ, ಬೂಟು ಹಾಕುವ ಮೊದಲು ಕೊಡವುವುದು, ರಾತ್ರಿ ಅಂಗಳಕ್ಕಿಳಿದರೆ ಟಾರ್ಚ್ ಹಿಡಿಯುವುದು ಮನೆಮಂದಿಗೆಲ್ಲ ಅಭ್ಯಾಸ ಆಗಲಿ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ನಾಟಿ ಮದ್ದಿಗೆ ಹೊತ್ತು ಕಳೆಯುವುದು ಬೇಡ. ಅಲುಗಾಡಿಸದೆ ನೇರ ಆಸ್ಪತ್ರೆಗೆ.

ಮಂಗನ ಕಾಯಿಲೆಯ ವಿಷಯ ಪೇಟೆಯ ಯಾವ ಚಾರ್ಟಿನಲ್ಲೂ ಬರುವುದಿಲ್ಲ. ಅದು ಮೊದಲು ಪತ್ತೆಯಾದದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಹರಡುವುದು ಉಣುಗಿನಿಂದ. ಮಳೆ ಮುಗಿದು ಮುಂದಿನ ಮಳೆ ಬರುವವರೆಗಿನ ಒಣ ತಿಂಗಳುಗಳಲ್ಲಿ ಜಾಸ್ತಿ. ಮಗುವಿಗೆ ಹೇಳಬೇಕಾದ್ದು ಇಷ್ಟೇ: ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ದೊಡ್ಡವರಿಗೆ ಹೇಳು. ಮುಂದಿನ ಕೆಲಸ ನಮ್ಮದು. ಆಶಾ ಅಕ್ಕನಿಗೋ ಹತ್ತಿರದ ಆರೋಗ್ಯ ಕೇಂದ್ರಕ್ಕೋ ತಿಳಿಸಬೇಕು. ಕಾಡಿನ ಬದಿಗೆ ಹೋಗಿ ಬಂದ ದಿನ ಮಗುವಿಗೆ ಬಿಸಿನೀರು ಸ್ನಾನ ಮಾಡಿಸಿ, ಬಟ್ಟೆ ಬೇರೆ ಹಾಕಿ, ಕಿವಿಯ ಹಿಂದೆ, ಕಂಕುಳು, ಮಂಡಿಯ ಹಿಂದೆ ಉಣುಗು ಇದೆಯಾ ನೋಡಿ. ಇದನ್ನೇ ‘ಉಣುಗು ಹುಡುಕುವ ಡಾಕ್ಟರ್’ ಆಟ ಮಾಡಿದರೆ ಮಗು ತಾನೇ ಬಂದು ನಿಲ್ಲುತ್ತದೆ.

ಮೈಲುತುತ್ತದ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುವ ಕಾಲದಲ್ಲಿ ತೋಟದ ಮನೆಗಳಲ್ಲಿ ಅದರ ಚೀಲ ಇದ್ದೇ ಇರುತ್ತದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಆ ನೀಲಿ ಹರಳನ್ನು ಮಗುವಿನ ಕಣ್ಣಿನಿಂದ ನೋಡಿ. ಬೆಳಕಿಗೆ ಹಿಡಿದರೆ ಹೊಳೆಯುತ್ತದೆ. ಥೇಟ್ ಬಣ್ಣದ ಕಲ್ಲುಸಕ್ಕರೆ. ಇಂಥ ವಸ್ತುವಿನ ಮುಂದೆ ಮೂರು ವರ್ಷದ ಮಗುವಿಗೆ ಪಾಠ ಹೇಳಿ ಸುಮ್ನೆ ಇರಲು ಆಗುವುದಿಲ್ಲ. ಅದು ಬೀಗದೊಳಗೇ ಇರಬೇಕು. ನೀರಿನ ಬಾಟಲಿಯಲ್ಲಿ, ಊಟದ ಡಬ್ಬಿಯಲ್ಲಿ ಯಾವ ಔಷಧಿಯನ್ನೂ ಹಾಕಿಡಬಾರದು. ಬಾಯಿಗೆ ಹಾಕಿಕೊಂಡಿದೆ ಅಂತ ಗೊತ್ತಾದರೆ ವಾಂತಿ ಮಾಡಿಸಲು ಹೋಗದೆ ಚೀಲದ ಮೇಲಿನ ಚೀಟಿ ಸಮೇತ ಆಸ್ಪತ್ರೆಗೆ ಕರೆದೊಯ್ಯಿರಿ.

ನೀರಿಗೂ ಇದೇ ಮಾತು. ತೆರೆದ ಬಾವಿ, ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ, ತೋಟದ ನೀರು ಹರಿಯುವ ಕಪ್ಪು, ಹಳ್ಳಕ್ಕೆ ಹಾಕಿದ ಕಾಲುಸಂಕ, ಔಷಧಿಗೆ ತುಂಬಿಸಿಟ್ಟ ಬ್ಯಾರೆಲ್. ಐದು ವರ್ಷದೊಳಗಿನ ಮಗುವಿಗೆ ‘ಹತ್ತಿರ ಹೋಗಬೇಡ’ ಅಂತ ಕಲಿಸಿದ್ದೇವೆ ಅಂತ ನಂಬಿ ಕೂರಬೇಡಿ. ಚೆಂಡು ಆ ಕಡೆ ಉರುಳಿದರೆ ನಿಯಮ ಮರೆತುಹೋಗುತ್ತದೆ. ಬಾವಿಗೆ ಕಟ್ಟೆ, ಮೇಲೆ ಜಾಲರಿ, ಹೊಂಡಕ್ಕೆ ಬೇಲಿ, ಬ್ಯಾರೆಲ್ಲಿಗೆ ಮುಚ್ಚಳ. ಪಾಠ ಆಮೇಲೆ. ಪಾಠದಲ್ಲಿ ಒಂದು ಸೇರಿಸಿ: ಗೆಳೆಯ ನೀರಿಗೆ ಬಿದ್ದರೆ ಹಿಡಿಯಲು ಹೋಗಬಾರದು, ಜೋರಾಗಿ ಕೂಗುತ್ತಾ ದೊಡ್ಡವರ ಹತ್ತಿರ ಓಡಬೇಕು.

ನಾಯಿ ಕಚ್ಚಿದ್ದನ್ನು, ಪರಚಿದ್ದನ್ನು ಮಕ್ಕಳು ಬೈಗುಳಕ್ಕೆ ಹೆದರಿ ಮುಚ್ಚಿಡುತ್ತಾರೆ. ‘ಹೇಳಿದರೆ ಬೈಯುವುದಿಲ್ಲ’ ಅಂತ ಮಾತು ಕೊಡಿ, ಕೊಟ್ಟ ಮಾತು ಉಳಿಸಿಕೊಳ್ಳಿ. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಲಸಿಕೆಗೆ ಹೋಗಬೇಕು.

ಅಪರಿಚಿತರೋ, ಕೇಳದೆ ಕರೆಯುವವರೋ

‘ಗೊತ್ತಿಲ್ಲದವರ ಹತ್ರ ಮಾತಾಡಬೇಡ’ ಅನ್ನುವುದು ಹಳೆಯ ಪಾಠ. ಅದಕ್ಕಿಂತ ‘ನಮ್ಮನ್ನು ಕೇಳದೆ ಯಾರ ಜೊತೆಗೂ ಹೋಗಬೇಡ’ ಅನ್ನುವುದು ಗಟ್ಟಿ. ಮೊದಲನೆಯದನ್ನು ನಮ್ಮ ಊರಿನಲ್ಲಿ ಪಾಲಿಸಲೂ ಆಗುವುದಿಲ್ಲ. ದಾರಿಯಲ್ಲಿ ಸಿಕ್ಕವರೆಲ್ಲ ‘ಯಾರ ಮನೆ ಮಗು ನೀನು?’ ಅಂತ ಕೇಳುವ ಊರು ಇದು. ಇನ್ನೂ ಮುಖ್ಯವಾದ ಕಾರಣ ಅಂದರೆ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಹೆಚ್ಚಿನ ಪ್ರಕರಣಗಳಲ್ಲಿ ತಪ್ಪು ಮಾಡಿದವರು ಮಗುವಿಗೆ ಗೊತ್ತಿರುವವರೇ. ಅಪರಿಚಿತರ ಭಯ ಮಾತ್ರ ಕಲಿಸಿದರೆ ಗೊತ್ತಿರುವವರ ವಿಷಯದಲ್ಲಿ ಮಗು ಪೂರ್ತಿ ಬಾಯಿ ಕಳೆದುಕೊಳ್ಳುತ್ತದೆ.

ಆದ್ದರಿಂದ ಮೈಯ ಭಾಗಗಳ ಹೆಸರನ್ನು ಮುಚ್ಚುಮರೆಯಿಲ್ಲದೆ ಕಲಿಸಿ. ಚಡ್ಡಿಯೊಳಗಿನ ಜಾಗವನ್ನು ಸ್ನಾನ ಮಾಡಿಸುವ ಅಮ್ಮ, ಅಜ್ಜಿ, ಅಮ್ಮ ಜೊತೆಗಿರುವಾಗ ಡಾಕ್ಟರ್ ಬಿಟ್ಟು ಇನ್ನಾರೂ ಮುಟ್ಟುವ ಹಾಗಿಲ್ಲ. ‘ಯಾರಿಗೂ ಹೇಳಬೇಡ’ ಅಂತ ಯಾರೇ ಅಂದರೂ, ಮಾವ ಆಗಲಿ, ಅಣ್ಣ ಆಗಲಿ, ಮೇಷ್ಟ್ರು ಆಗಲಿ, ಅದನ್ನೇ ಮೊದಲು ಬಂದು ಹೇಳಬೇಕು. ನೆಂಟರು ಬಂದಾಗ ಮುತ್ತು ಕೊಡು ಅಂತ ಒತ್ತಾಯ ಮಾಡಬೇಡಿ. ‘ಬೇಡ’ ಅನ್ನಲು ಮನೆಯಲ್ಲೇ ಬಿಡದಿದ್ದರೆ ಹೊರಗೆ ಹೇಗೆ ಹೇಳೀತು? ಮಗು ಏನಾದರೂ ಹೇಳಿದರೆ ನಂಬಿ. 2012ರ ಪೋಕ್ಸೋ ಕಾಯಿದೆ ಪ್ರಕಾರ ಇಂಥದ್ದು ಗೊತ್ತಾದವರು ದೂರು ಕೊಡಲೇಬೇಕು. ದಾರಿ ತೋಚದಿದ್ದರೆ ಮಕ್ಕಳ ಸಹಾಯವಾಣಿ 1098 ದಿನದ ಯಾವ ಹೊತ್ತಿಗೂ ಇದೆ.

ಜಾತ್ರೆಗೆ ಬೇರೆಯದೇ ತಯಾರಿ ಬೇಕು. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ, ಶಿವಮೊಗ್ಗದ ಕೋಟೆ ಮಾರಿಕಾಂಬೆಯದು ಎರಡು ವರ್ಷಕ್ಕೊಮ್ಮೆ, ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಪ್ರತಿ ವರ್ಷ. ಆ ಜನಜಂಗುಳಿಯಲ್ಲಿ ಕೈ ತಪ್ಪುವುದಕ್ಕೆ ಒಂದು ಗಳಿಗೆ ಸಾಕು. ‘ಕಳೆದುಹೋದರೆ ಪೊಲೀಸರನ್ನು ಹುಡುಕು’ ಅನ್ನುವುದು ಕಾಗದದ ಮೇಲೆ ಸರಿ. ಮೂರಡಿ ಎತ್ತರದ ಮಗುವಿಗೆ ಅಲ್ಲಿ ಕಾಣುವುದು ಬರೀ ಕಾಲುಗಳು. ಹಾಗಾಗಿ ‘ಅಲ್ಲೇ ನಿಲ್ಲು, ಅಮ್ಮನ ಹೆಸರು ಹಿಡಿದು ಕೂಗು’ ಅನ್ನುವುದು ಮೊದಲು. ಬರೀ ‘ಅಮ್ಮಾ’ ಅಂದರೆ ಹತ್ತು ಜನ ಅಮ್ಮಂದಿರು ತಿರುಗುತ್ತಾರೆ. ಆಮೇಲೂ ಸಿಗದಿದ್ದರೆ ಮಗು ಎತ್ತಿಕೊಂಡಿರುವ ಯಾರಾದರೂ ಅಮ್ಮನನ್ನೋ, ಹತ್ತಿರದ ಅಂಗಡಿಯೊಳಗೆ ಕೂತವರನ್ನೋ, ಖಾಕಿ ಹಾಕಿದವರನ್ನೋ ಕೇಳಬೇಕು. ಜಾತ್ರೆಗೆ ಹೋಗುವ ದಿನ ನಿಮ್ಮ ಫೋನ್ ನಂಬರನ್ನು ಚೀಟಿಯಲ್ಲಿ ಬರೆದು ಅಂಗಿಯ ಒಳಗಿನ ಜೇಬಿಗೆ ಹಾಕಿ. ಮಗುವಿನ ಹೆಸರನ್ನು ಹೊರಗೆ ಕಾಣುವ ಹಾಗೆ ಬರೆಯಬೇಡಿ. ಹೆಸರು ಹಿಡಿದು ಕರೆದವರನ್ನೆಲ್ಲ ಮಗು ಪರಿಚಿತರು ಅಂದುಕೊಳ್ಳುತ್ತದೆ.

ಯಾವ ನಂಬರ್ ಮೊದಲು?

ಮೂರು ವರ್ಷಕ್ಕೆ ನಂಬರೇ ಬೇಡ. ತನ್ನ ಹೆಸರು, ಅಪ್ಪ ಅಮ್ಮನ ಹೆಸರು, ಊರಿನ ಹೆಸರು ಸಾಕು. ನಾಲ್ಕು ದಾಟಿದ ಮೇಲೆ ನಿಮ್ಮಲ್ಲಿ ಒಬ್ಬರ ಫೋನ್ ನಂಬರನ್ನು ಎರಡೆರಡು ಅಂಕೆ ಮಾಡಿ ರಾಗ ಹಾಕಿ ಕಲಿಸಿ. ಐದರ ಹೊತ್ತಿಗೆ 112. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರಕ್ಕೂ ಈ ಒಂದೇ ನಂಬರ್. ಆಂಬುಲೆನ್ಸಿಗೆ 108 ದೊಡ್ಡವರಿಗೆ ನೆನಪಿರಲಿ, ಮಗುವಿಗೆ ಎರಡೆರಡು ನಂಬರ್ ಕೊಟ್ಟು ಗೊಂದಲ ಮಾಡಬೇಡಿ. ಫೋನ್ ಲಾಕ್ ಆಗಿದ್ದರೂ ತುರ್ತು ಕರೆ ಮಾಡುವ ಜಾಗ ಎಲ್ಲಿದೆ ಅಂತ ತೋರಿಸಿ. ಅಭ್ಯಾಸವನ್ನು ಆಟದ ಫೋನಿನಲ್ಲೇ ಮಾಡಿಸಬೇಕು, ನಿಜವಾಗಿ ಹಚ್ಚಬಾರದು.

ಆದರೆ ಹೊಸನಗರ ತಾಲ್ಲೂಕಿನ ಒಳಗಿನ ಒಂಟಿ ಮನೆಯಲ್ಲಿ, ಮಳೆಗೆ ಟವರ್ ಸತ್ತ ದಿನ, 112 ಬಾಯಿಪಾಠ ಬಂದರೂ ಪ್ರಯೋಜನವಿಲ್ಲ. ಅಂಥ ಮನೆಗಳಿಗೆ ನಂಬರಿಗಿಂತ ದಾರಿ ಮುಖ್ಯ. ಅಜ್ಜಿ ಬಿದ್ದು ಏಳದಿದ್ದರೆ ಮಗು ಯಾರ ಮನೆಗೆ ಓಡಬೇಕು? ಹಳ್ಳ ದಾಟುವ ದಾರಿಯಲ್ಲಿ ಅಲ್ಲ, ಸುತ್ತು ದಾರಿಯಲ್ಲಿ. ಹೋಗಿ ಏನು ಹೇಳಬೇಕು? ‘ಅಜ್ಜಿ ಬಿದ್ದಿದ್ದಾರೆ, ಬನ್ನಿ.’ ಆ ಮನೆಯವರಿಗೂ ಮೊದಲೇ ಹೇಳಿಟ್ಟು, ಮಗುವನ್ನು ಮುಂದೆ ಬಿಟ್ಟು ನೀವು ಹಿಂದೆ ನಡೆದು ನೋಡಿ. ಮಗು ಎಲ್ಲಿ ಅನುಮಾನಿಸಿ ನಿಲ್ಲುತ್ತದೆ ಅನ್ನುವುದು ಆಗಲೇ ಗೊತ್ತಾಗುವುದು.

ನಿಮ್ಮ ಮನೆಗೆ ಯಾವುದು?

ಶಿವಮೊಗ್ಗ ಪೇಟೆಯ ವಿನೋಬನಗರ, ಗೋಪಾಳದಂಥ ಕಡೆ ಇದ್ದರೆ ರಸ್ತೆ, ಗೇಟು, ಬೀದಿನಾಯಿ, ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವ ಹೊತ್ತು ಇವು ಮುಖ್ಯ. ಕಸದ ಗಾಡಿಯ ಪೌರಕಾರ್ಮಿಕರು, ಮೂಲೆ ಅಂಗಡಿಯವರು, ಸರ್ಕಲ್ಲಿನ ಟ್ರಾಫಿಕ್ ಪೊಲೀಸರು ನಿಮ್ಮ ಮೊದಲ ಮೂರು ಕಾರ್ಡು. ಸ್ಕೂಟರಿನಲ್ಲಿ ಮಗುವನ್ನು ಕೂರಿಸಿಕೊಂಡು ಹೋಗುವವರು ಗಮನಿಸಿ: ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಕ್ಕಳಿಗೆ ಹೆಲ್ಮೆಟ್, ಸವಾರರಿಗೆ ಕಟ್ಟುವ ಬೆಲ್ಟ್, ಗಂಟೆಗೆ 40 ಕಿಲೋಮೀಟರ್ ವೇಗದ ಮಿತಿ 2023ರ ಫೆಬ್ರವರಿಯಿಂದ ನಿಯಮವೇ ಆಗಿದೆ. ದೊಡ್ಡವರು ಹೆಲ್ಮೆಟನ್ನು ಮೊಣಕೈಗೆ ಸಿಕ್ಕಿಸಿಕೊಂಡು ಹೋದರೆ ಟ್ರಾಫಿಕ್ ಪೊಲೀಸರ ಬಗ್ಗೆ ಹೇಳಿದ ಪಾಠವೆಲ್ಲ ವ್ಯರ್ಥ.

ತೋಟದ ಮನೆಯವರು ಆಟಕ್ಕೂ ಜನರ ಪರಿಚಯಕ್ಕೂ ಸಮಯ ಕೊಡಿ, ಚಾರ್ಟಿಗೆ ದುಡ್ಡು ಹಾಕಬೇಡಿ. ಅಜ್ಜಿಯೊಬ್ಬರೇ ಹಗಲು ಮಗುವನ್ನು ನೋಡಿಕೊಳ್ಳುವ ಮನೆಯಾದರೆ ವಿಡಿಯೋ ಬಿಟ್ಟು ಕಾರ್ಡು, ಕಥೆ ಕೊಡಿ. ಅವರಿಗೆ ಗೊತ್ತಿರುವ ಜನರ ಕಥೆ ಅವರಷ್ಟು ಚೆನ್ನಾಗಿ ಯಾರೂ ಹೇಳಲಾರರು.

ಅಡಿಕೆ ಸುಗ್ಗಿಯಲ್ಲಿ ಅಂಗಳದ ತುಂಬ ಜನ, ಸಾಲಾಗಿ ಅಡಿಕೆ ಸುಲಿಯುವ ಮೆಟ್ಟುಗತ್ತಿ, ಒಂದು ಕಡೆ ಕುದಿಯುವ ಹಂಡೆ. ಆ ದಿನಗಳಲ್ಲಿ ಹೊಸ ಪಾಠ ಯಾವುದೂ ಬೇಡ. ಮಗುವನ್ನು ನೋಡಿಕೊಳ್ಳುವುದಕ್ಕೆ ಅಂತಲೇ ಒಬ್ಬರನ್ನು ಗೊತ್ತು ಮಾಡಿ, ಸುಲಿಯಲು ಬಂದವರಿಗೂ ಮೊದಲ ದಿನವೇ ಹೇಳಿಡಿ: ಈ ಗೆರೆ ದಾಟಿ ಮಗು ಬಂದರೆ ಕೆಲಸ ನಿಲ್ಲಿಸಿ ನಮ್ಮನ್ನು ಕೂಗಿ.